ಚಿನ್ನಕ್ಕೆ ಕಚ್ಚುವ ಅಣು: ಒಂದು ಆಣ್ವಿಕ ತಂತಿಯನ್ನು ಫ್ಲಾಸ್ಕಿನಿಂದ ಅಳತೆಯವರೆಗೆ ಒಯ್ಯುವ ಬಗೆ

ಚಿನ್ನದ ಎರಡು ತುದಿಗಳ ನಡುವೆ ಒಂದೇ ಒಂದು ಅಣುವನ್ನು ಸಿಕ್ಕಿಸಿ ಅದರ ವಾಹಕತೆ ಅಳೆಯುವ ಪ್ರಯೋಗಕ್ಕೆ ಒಂದು ಮಿಲಿಗ್ರಾಂ ಪದಾರ್ಥ ಧಾರಾಳವಾಯಿತು. ಹಾಗಾಗಿ ಈ ಕೆಲಸಕ್ಕೆ ಇಳಿಯುವ ಸಂಶ್ಲೇಷಣೆಯವರು ಮೊದಲು ಬಿಡಬೇಕಾದ್ದು ಇಳುವರಿಯ ಗೀಳು. ಕೊನೆಯ ಹಂತದಲ್ಲಿ ಶೇ 30 ಬಂದರೂ ವರ್ಷಗಟ್ಟಲೆ ಅಳೆಯುವಷ್ಟು ಸಿಗುತ್ತದೆ. ಇಲ್ಲಿ ತಲೆ ತಿನ್ನುವ ಪ್ರಶ್ನೆಯೇ ಬೇರೆ: ಸೀಸೆಯಲ್ಲಿ ನಮ್ಮ ಅಣುವಿನ ಜೊತೆ ಗಂಧಕ ಹೊತ್ತ ಇನ್ನೇನಾದರೂ ಸೇರಿಕೊಂಡಿದೆಯೇ? ಚಿನ್ನ ಶೇಕಡಾವಾರು ಶುದ್ಧತೆಯನ್ನು ನೋಡುವುದಿಲ್ಲ. ಮೊದಲು ಬಳಿಗೆ ಬಂದ ಥಯೋಲನ್ನು (ತುದಿಯಲ್ಲಿ ಗಂಧಕ-ಹೈಡ್ರೋಜನ್ ಜೋಡಿ ಇರುವ ಅಣುವನ್ನು) ಹಿಡಿದುಕೊಳ್ಳುತ್ತದೆ. ಚಿಕ್ಕ ಅಣು ದೊಡ್ಡದಕ್ಕಿಂತ ಬೇಗ ಬರುತ್ತದೆ. ಅಣುವಿನ ರಚನೆ ಓದುವ ಎನ್‌ಎಂಆರ್ ಪರೀಕ್ಷೆಯಲ್ಲಿ ಗದ್ದಲದೊಳಗೆ ಅಡಗಿಹೋಗುವಷ್ಟು ಕಡಿಮೆ ಇರುವ ಕಲ್ಮಶ ಚಿನ್ನದ ಮೇಲೆ ಅದರ ಎಷ್ಟೋ ಪಟ್ಟು ಜಾಗ ಹಿಡಿದು ಕೂರಬಲ್ಲದು. ಮುಂದೆ ಬರುವ ಪ್ರತಿಯೊಂದು ಹಂತದ ಆಯ್ಕೆಯ ಹಿಂದೆ ಇರುವ ಕಾರಣ ಇದೊಂದೇ.

ಉದಾಹರಣೆಗೆ ತೆಗೆದುಕೊಳ್ಳುವುದು ಈ ಕ್ಷೇತ್ರದವರು ಒಮ್ಮೆಯಾದರೂ ಮಾಡಿಯೇ ಇರುವ ತಂತಿ: ಮೂರು ಬೆಂಜೀನ್ ಉಂಗುರ, ಅವುಗಳ ನಡುವೆ ಎರಡು ತ್ರಿಬಂಧ, ಎರಡೂ ತುದಿಗೆ ಗಂಧಕ. ಆಲಿಗೋ ಫಿನಿಲೀನ್ ಎಥೈನಿಲೀನ್ ಎಂಬ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಒಪಿಇ-3 ಎನ್ನುತ್ತಾರೆ. ಗಂಧಕದಿಂದ ಗಂಧಕಕ್ಕೆ ಸುಮಾರು 2 ನ್ಯಾನೊಮೀಟರ್. ಕಡ್ಡಿಯ ಹಾಗೆ ನೆಟ್ಟಗಿರುತ್ತದೆ, ಬಾಗುವುದಿಲ್ಲ, ಎಲೆಕ್ಟ್ರಾನುಗಳಿಗೆ ಒಂದು ತುದಿಯಿಂದ ಇನ್ನೊಂದಕ್ಕೆ ಸಂಯುಗ್ಮಿತ ದಾರಿ ಇರುತ್ತದೆ. ಒಂದೇ ಅಣು ಡಯೋಡಿನಂತೆ ನಡೆದುಕೊಳ್ಳಬಹುದು ಎಂದು ಅವಿರಾಮ್ ಮತ್ತು ರ್‍ಯಾಟ್ನರ್ ಕಾಗದದ ಮೇಲೆ ತೋರಿಸಿದ್ದು 1974ರಲ್ಲಿ. ಬೆಂಜೀನ್ ಡೈಥಯೋಲನ್ನು ಚಿನ್ನದ ನಡುವೆ ಸಿಕ್ಕಿಸಿ ರೀಡ್, ಟೂರ್ ಮತ್ತವರ ಸಂಗಡಿಗರು ಅಳೆದದ್ದು 1997ರಲ್ಲಿ. 2003ರಲ್ಲಿ ಶು ಮತ್ತು ತಾವೊ ಚಿನ್ನದ ಸೂಜಿಯನ್ನು ಸಾವಿರಾರು ಸಲ ಮುಟ್ಟಿಸಿ ಎಳೆಯುವ ಬ್ರೇಕ್ ಜಂಕ್ಷನ್ ವಿಧಾನ ತಂದ ಮೇಲೆ ಅಳತೆ ಅಂಕಿಅಂಶದ ಕೆಲಸವಾಯಿತು. ಆಗಿನಿಂದ ಅಣು ಮಾಡಿಕೊಡುವವರ ಮೇಲೆ ಒತ್ತಡವೂ ಜಾಸ್ತಿಯಾಯಿತು.

ದಾರಿ ಹೀಗೆ. ನಡುವಿನ ತುಂಡು ಒಂದು ಕಡೆ, ತುದಿಯ ತುಂಡು ಇನ್ನೊಂದು ಕಡೆ ತಯಾರಾಗಿ, ಕೊನೆಯಲ್ಲಿ ಎರಡೂ ಕೂಡುತ್ತವೆ. ಒಂದು ತುದಿಯಿಂದ ಶುರುಮಾಡಿ ಉಂಗುರದ ಮೇಲೆ ಉಂಗುರ ಕಟ್ಟುತ್ತ ಹೋಗುವ ದಾರಿಯೂ ಇದೆ. ಎರಡು ತುದಿ ಬೇರೆ ಬೇರೆಯಾಗಬೇಕಾದಾಗ ಅದು ಅನಿವಾರ್ಯ. ಆದರೆ ಸಮರೂಪದ ಅಣುವಿಗೆ ಅದು ವೃಥಾ ಶ್ರಮ. ಜೊತೆಗೆ ಗಂಧಕ ಬಹಳ ಹೊತ್ತು ಅಣುವಿನ ಮೇಲಿದ್ದಷ್ಟೂ ಅದು ಕೆಡುವ ಅವಕಾಶ ಹೆಚ್ಚು.

ನಡುವಿನ ತುಂಡು 1,4-ಡೈಎಥೈನಿಲ್‌ಬೆಂಜೀನ್. 3.30 ಗ್ರಾಂ (10 ಮಿಲಿಮೋಲ್) 1,4-ಡೈಅಯೋಡೋಬೆಂಜೀನ್, 140 ಮಿಲಿಗ್ರಾಂ ಬಿಸ್ ಟ್ರೈಫಿನೈಲ್‌ಫಾಸ್ಫೀನ್ ಪಲ್ಲೇಡಿಯಂ ಡೈಕ್ಲೋರೈಡ್, 76 ಮಿಲಿಗ್ರಾಂ ತಾಮ್ರದ ಅಯೋಡೈಡ್ ಇವನ್ನು ಶ್ಲೆಂಕ್ ಫ್ಲಾಸ್ಕಿಗೆ ಹಾಕಿ, ನಿರ್ವಾತ ಕೊಟ್ಟು ನೈಟ್ರೋಜನ್ ತುಂಬುವುದನ್ನು ಮೂರು ಸಲ ಮಾಡಬೇಕು. ಆಮೇಲೆ ತಲಾ 20 ಮಿಲಿಲೀಟರ್ ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯುರಾನ್ ಎಂಬ ದ್ರಾವಕ) ಮತ್ತು ಟ್ರೈಈಥೈಲ್‌ಅಮೀನ್ ಎಂಬ ಪ್ರತ್ಯಾಮ್ಲ. ಎರಡರಲ್ಲೂ ಮೊದಲೇ ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹರಿಸಿರಬೇಕು. ಕೊನೆಗೆ ಸಿರಿಂಜಿನಿಂದ 3.5 ಮಿಲಿಲೀಟರ್ ಟ್ರೈಮಿಥೈಲ್‌ಸಿಲೈಲ್ ಅಸಿಟಿಲೀನ್, ಅಂದರೆ ಸುಮಾರು 25 ಮಿಲಿಮೋಲ್. ಇದರ ಕುದಿಬಿಂದು 53 ಡಿಗ್ರಿ ಸೆಲ್ಸಿಯಸ್ ಮಾತ್ರ. ಹಾಕಿದ ಮೇಲೆ ಗುಳ್ಳೆ ಹರಿಸುತ್ತ ಕೂತರೆ ಅಸಿಟಿಲೀನೆಲ್ಲ ನೈಟ್ರೋಜನ್ ಜೊತೆ ಹಾರಿಹೋಗುತ್ತದೆ. ಅದಕ್ಕೇ ಆಮ್ಲಜನಕ ತೆಗೆಯುವ ಕೆಲಸ ಪೂರ್ತಿ ಮುಗಿದ ಮೇಲೆಯೇ ಅದು ಒಳಗೆ ಹೋಗಬೇಕು. ಅಯೋಡೈಡ್ ಆದ್ದರಿಂದ ಬಿಸಿ ಬೇಡ, ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಕಲಕಿದರೆ ಸಾಕು. ಬ್ರೋಮೈಡ್ ಆಗಿದ್ದರೆ 70-80 ಡಿಗ್ರಿ ಬೇಕಾಗುತ್ತಿತ್ತು.

ಪಲ್ಲೇಡಿಯಂ-ತಾಮ್ರದ ನೆರವಿನಿಂದ ಉಂಗುರಕ್ಕೆ ಅಸಿಟಿಲೀನ್ ಜೋಡಿಸುವ, 1975ರಲ್ಲಿ ಬೆಳಕಿಗೆ ಬಂದ ಈ ಸೋನೊಗಶಿರ ಕಪ್ಲಿಂಗನ್ನು ಕಣ್ಣಿನಿಂದಲೇ ಓದಬಹುದು. ಮೊದಲಿಗೆ ತಿಳಿ ಹಳದಿ. ಅಸಿಟಿಲೀನ್ ಬಿದ್ದ ಸ್ವಲ್ಪ ಹೊತ್ತಿಗೆ ಕಿತ್ತಳೆಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಅದರ ಜೊತೆಗೇ ಫ್ಲಾಸ್ಕಿನ ಗೋಡೆಯ ಮೇಲೆ ಬಿಳಿ ಹರಳಿನ ಪುಡಿ ಕೂರತೊಡಗುತ್ತದೆ. ಅದು ಟ್ರೈಈಥೈಲ್‌ಅಮೋನಿಯಂ ಅಯೋಡೈಡ್, ಕ್ರಿಯೆ ನಡೆಯುತ್ತಿದೆ ಎಂಬುದಕ್ಕೆ ಟಿಎಲ್‌ಸಿಗಿಂತ (ತೆಳು ಪದರದ ಕ್ರೊಮ್ಯಾಟೊಗ್ರಫಿ ಪರೀಕ್ಷೆಗಿಂತ) ಮೊದಲು ಸಿಗುವ ಸಾಕ್ಷಿ. ಆ ಪುಡಿ ಕಾಣಿಸಿಕೊಳ್ಳುವ ಮೊದಲೇ ದ್ರಾವಣ ಮಸಿಯಂತೆ ಕಪ್ಪಾಗಿ, ಕಲಕುವ ಕಡ್ಡಿಗೆ ಕಪ್ಪು ಮೆತ್ತಿಕೊಂಡರೆ ಪಲ್ಲೇಡಿಯಂ ಲೋಹವಾಗಿ ಉದುರಿದೆ ಎಂದರ್ಥ. ಇನ್ನಷ್ಟು ವೇಗವರ್ಧಕ ಸುರಿಯುವ ಬದಲು ಬಿಟ್ಟು ಹೊಸದಾಗಿ ಮಾಡುವುದೇ ಲೇಸು. ತಾಮ್ರದ ಅಯೋಡೈಡ್ ಬಿಳಿಯಾಗಿರಬೇಕು. ಸೀಸೆಯಲ್ಲಿ ಕಂದು ಅಥವಾ ಹಸಿರು ಛಾಯೆ ಬಂದಿದ್ದರೆ ಅದು ಉತ್ಕರ್ಷಣಗೊಂಡಿದೆ.

ಆಮ್ಲಜನಕದ ಮೇಲೆ ಇಷ್ಟು ಸಿಟ್ಟು ಯಾಕೆಂದರೆ ಗ್ಲೇಸರ್ ಕ್ರಿಯೆ. ತಾಮ್ರ ಮತ್ತು ಅಮೀನ್ ಹೇಗೂ ಇವೆ. ಗಾಳಿಯೂ ಸೇರಿದರೆ ಎರಡು ಅಸಿಟಿಲೀನ್ ತುದಿಗಳು ತಮ್ಮತಮ್ಮಲ್ಲೇ ಕೂಡಿ ಡೈಐನ್ ಆಗುತ್ತವೆ. ಈ ಹಂತದಲ್ಲಿ ಅದರಿಂದ ಹೆಚ್ಚು ತೊಂದರೆಯಿಲ್ಲ, ಸಿಲಿಕಾ ತುಂಬಿದ ಶುದ್ಧೀಕರಣದ ಕಾಲಂನಲ್ಲಿ ಬೇರೆಯಾಗುತ್ತದೆ. ಕೊನೆಯ ಕಪ್ಲಿಂಗಿನಲ್ಲಿ ಆದರೆ ಅದೇ ದೊಡ್ಡ ತಲೆನೋವು. ಅದನ್ನು ಅಲ್ಲಿಯೇ ನೋಡೋಣ.

ಸೆಲೈಟಿನಲ್ಲಿ ಸೋಸಿ, ಅಮೋನಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣದಿಂದ ತೊಳೆದರೆ ನೀರಿನ ಪದರ ನೀಲಿಯಾಗುತ್ತದೆ, ತಾಮ್ರ ಹೊರಬರುತ್ತಿದೆ ಎಂದು. ನೀಲಿ ಕಾಣದಾಗುವವರೆಗೆ ತೊಳೆಯಿರಿ. ಬರೀ ಹೆಕ್ಸೇನಿನಲ್ಲಿ ಸಿಲಿಕಾ ಕಾಲಂ ಓಡಿಸಿದರೆ ಬಿಸ್-ಸಿಲೈಲ್ ಉತ್ಪನ್ನ ಬಿಳಿ ಘನವಾಗಿ ಸಿಗುತ್ತದೆ. ಅದರ 1.35 ಗ್ರಾಂ (5 ಮಿಲಿಮೋಲ್) ತೆಗೆದುಕೊಂಡು ತಲಾ 10 ಮಿಲಿಲೀಟರ್ ಟಿಎಚ್‌ಎಫ್-ಮೆಥನಾಲ್‌ನಲ್ಲಿ 2.1 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆ ಒಂದೆರಡು ಗಂಟೆ ಕಲಕಿದರೆ ಸಿಲೈಲ್ ಗುಂಪು ಉದುರುತ್ತದೆ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 0.25 ಪಿಪಿಎಂನ ಎತ್ತರದ ಗೆರೆ ಹೋಗಿ 3.17ರ ಹತ್ತಿರ ಅಸಿಟಿಲೀನ್ ಪ್ರೋಟಾನು ಬರುತ್ತದೆ.

ಸಿಗುವ ಡೈಎಥೈನಿಲ್‌ಬೆಂಜೀನ್ ಬಗ್ಗೆ ಎರಡು ಎಚ್ಚರಿಕೆ. ಅದು ಸುಲಭವಾಗಿ ಉತ್ಪತನವಾಗುತ್ತದೆ (ಕರಗದೆಯೇ ಆವಿಯಾಗುತ್ತದೆ): ದ್ರಾವಕ ಆವಿಯಾಗಿಸುವ ರೋಟಾವ್ಯಾಪಿನ ನೀರು 30 ಡಿಗ್ರಿ ಮೀರಬಾರದು, ಹೈ ವ್ಯಾಕ್ಯೂಮಿನಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಪದಾರ್ಥ ಫ್ಲಾಸ್ಕಿನಲ್ಲಿರುವುದಿಲ್ಲ, ಕೋಲ್ಡ್ ಟ್ರ್ಯಾಪಿನಲ್ಲಿರುತ್ತದೆ. ಇನ್ನೊಂದು, ಬೆಳಕಿಗೆ ಗಾಳಿಗೆ ಬಿಟ್ಟರೆ ಹಳದಿಯಾಗಿ, ಕಂದಾಗಿ, ಕರಗದ ಪಾಲಿಮರಾಗುತ್ತದೆ. ಮಾಡಿದ ದಿನವೇ ಬಳಸುವುದು ಒಳ್ಳೆಯದು. ಕಾಯಬೇಕಾದರೆ ಸಿಲೈಲ್ ಇರುವಾಗಲೇ ನಿಲ್ಲಿಸಿ; ಆ ರೂಪದಲ್ಲಿ ಎಷ್ಟು ಕಾಲ ಬೇಕಾದರೂ ಇರುತ್ತದೆ.

ಪೊಟ್ಯಾಸಿಯಂ ಕಾರ್ಬೊನೇಟ್-ಮೆಥನಾಲ್ ಜೋಡಿ ಥಯೋಅಸಿಟೇಟನ್ನೂ (ಗಂಧಕವನ್ನು ಕಾಪಾಡಲು ಮುಂದೆ ಅದರ ಮೇಲೆ ಹಾಕುವ ಅಸಿಟೈಲ್ ಟೋಪಿಯನ್ನೂ) ನಿಮಿಷಗಳಲ್ಲಿ ಕತ್ತರಿಸುತ್ತದೆ. ಹಾಗಾಗಿ ಸಿಲೈಲ್ ತೆಗೆಯುವ ಕೆಲಸವೆಲ್ಲ ಗಂಧಕ ಬರುವುದಕ್ಕೆ ಮುಂಚೆಯೇ ಮುಗಿದಿರಬೇಕು. ಕಾಗದದ ಮೇಲೆ ಸಂಶ್ಲೇಷಣೆಯ ದಾರಿ ಬರೆಯುವಾಗ ಈ ಅನುಕ್ರಮ ತಪ್ಪುವವರು ಬಹಳ.

ತುದಿಯ ತುಂಡು 4-ಅಯೋಡೋಫಿನೈಲ್ ಥಯೋಅಸಿಟೇಟ್. ಮೊದಲೇ ಥಯೋಫಿನಾಲ್ ಮಾಡಿ ಆಮೇಲೆ ಅಸಿಟೈಲ್ ಹಾಕುವುದಕ್ಕಿಂತ, ಸಲ್ಫೊನೈಲ್ ಕ್ಲೋರೈಡನ್ನು ಅಪಕರ್ಷಿಸಿ ಅದೇ ಮಡಕೆಯಲ್ಲಿ ಅಸಿಟೈಲ್ ಹಿಡಿಸುವುದು ನಮಗೆ ಇಷ್ಟ. ಬಿಡಿ ಥಯೋಲ್ ಒಮ್ಮೆಯೂ ಗಾಳಿ ಕಾಣುವುದಿಲ್ಲ, ವಾಸನೆಯೂ ಕಡಿಮೆ. 2.3 ಗ್ರಾಂ ಸತುವಿನ ಪುಡಿ (35 ಮಿಲಿಮೋಲ್) ಮತ್ತು 4.2 ಮಿಲಿಲೀಟರ್ ಡೈಕ್ಲೋರೋಡೈಮಿಥೈಲ್‌ಸಿಲೇನ್ 15 ಮಿಲಿಲೀಟರ್ ಒಣ 1,2-ಡೈಕ್ಲೋರೋಈಥೇನಿನಲ್ಲಿ. ಅದಕ್ಕೆ 3.03 ಗ್ರಾಂ (10 ಮಿಲಿಮೋಲ್) 4-ಅಯೋಡೋಬೆಂಜೀನ್ ಸಲ್ಫೊನೈಲ್ ಕ್ಲೋರೈಡ್ ಮತ್ತು 2.8 ಮಿಲಿಲೀಟರ್ ಡೈಮಿಥೈಲ್‌ಅಸಿಟಮೈಡ್ ಕರಗಿಸಿದ ಇನ್ನೊಂದು 15 ಮಿಲಿಲೀಟರ್ ಅದೇ ದ್ರಾವಕ. 75 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ. ಬೂದು ಬಣ್ಣದ ಸತು ಕರಗಿ ಮಾಯವಾಗುವುದೇ ಗುರುತು. ಆಮೇಲೆ 50 ಡಿಗ್ರಿಗೆ ಇಳಿಸಿ 0.93 ಮಿಲಿಲೀಟರ್ ಅಸಿಟೈಲ್ ಕ್ಲೋರೈಡ್. ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸತು ಹಳೆಯದಾಗಿದ್ದು ಮೇಲೆ ಆಕ್ಸೈಡ್ ಪೊರೆ ಇದ್ದರೆ ಎರಡು ಗಂಟೆಯಾದರೂ ತಳದಲ್ಲಿ ಹಾಗೇ ಕೂತಿರುತ್ತದೆ, ಅಪಕರ್ಷಣ ಅರ್ಧಕ್ಕೆ ನಿಂತು ಡೈಸಲ್ಫೈಡ್ ಮತ್ತಿತರ ನಡುವಿನ ಪದಾರ್ಥಗಳು ಉಳಿಯುತ್ತವೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ನೀರು, ಎಥನಾಲ್, ಈಥರ್ ದಾಟಿಸಿ ಒಣಗಿಸಿದ ಸತು ಬಳಸಿದರೆ ಈ ಗೋಳಿಲ್ಲ. ಇನ್ನೊಂದು ತೇವ. ಕ್ಲೋರೋಸಿಲೇನ್ ನೀರು ಕಂಡರೆ ಸಿಲಿಕೋನ್ ಆಗಿಬಿಡುತ್ತದೆ. ಕ್ರಿಯೆಗೆ ಕೊಂಚ ಕೊರತೆಯಾದರೂ ನಡೆದೀತು, ಆದರೆ ಆ ಸಿಲಿಕೋನ್ ಎಣ್ಣೆ ಕಾಲಂನ ಮೊದಲ ಭಾಗಗಳ ಜೊತೆ ಬರುತ್ತದೆ. ಎನ್‌ಎಂಆರ್‌ನಲ್ಲಿ ಸೊನ್ನೆಯ ಪಕ್ಕದಲ್ಲೇ, 0.07 ಪಿಪಿಎಂ ಆಸುಪಾಸಿನಲ್ಲಿ ಗೆರೆ ಕಂಡರೆ ಗ್ರೀಸ್ ಇರಬೇಕು ಬಿಡು ಎಂದು ಸುಮ್ಮನಾಗುವವರಿದ್ದಾರೆ. ಬೇರೆ ಕೆಲಸಕ್ಕೆ ಅದು ಸರಿ. ಚಿನ್ನದ ಮೇಲೆ ಸಿಲಿಕೋನ್ ತೆಳು ಪೊರೆಯಾಗಿ ಹರಡುತ್ತದೆ, ತೊಳೆದರೂ ಹೋಗದು. ಗಾಜಿನ ಕೀಲುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚದೆ ಟೆಫ್ಲಾನ್ ತೋಳು ಹಾಕುವುದೂ ಇದೇ ಕಾರಣಕ್ಕೆ.

ಥಯೋಲ್ ಮುಟ್ಟಿದ ಗಾಜು, ಸೂಜಿ, ಕೈಗವಸು ಎಲ್ಲ ಫ್ಯೂಮ್ ಹುಡ್ ಒಳಗೇ ಬ್ಲೀಚ್ ತೊಟ್ಟಿಗೆ. ಆ ತೊಟ್ಟಿಗೆ ಆಮ್ಲವಾಗಲಿ ಅಮೋನಿಯಾ ಆಗಲಿ ಬೀಳಬಾರದು, ವಿಷಾನಿಲ ಹೊರಡುತ್ತದೆ.

ಈಗ ಎರಡನ್ನೂ ಕೂಡಿಸುವ ಹಂತ. ಇದೇ ಮುಖ್ಯ, ಇಲ್ಲೇ ಹೆಚ್ಚು ಜನ ಕೈಸುಟ್ಟುಕೊಳ್ಳುವುದು. ಮೊದಲನೆಯ ಕಪ್ಲಿಂಗಿನ ಪಾಕವನ್ನೇ ಇಲ್ಲೂ ಹಾಕಿದರೆ ಆಗದು. ಡೈಈಥೈಲ್‌ಅಮೀನ್, ಪಿಪೆರಿಡೀನ್‌ನಂಥ ಅಮೀನುಗಳು ಬೇರೆಡೆ ಸೋನೊಗಶಿರ ಕ್ರಿಯೆಯನ್ನು ಚುರುಕಾಗಿಸುತ್ತವೆ, ಇಲ್ಲಿ ಅವು ನೇರವಾಗಿ ಅಸಿಟೈಲ್ ಮೇಲೆ ಹೋಗಿ ಅಮೈಡ್ ಆಗುತ್ತವೆ. ಗಂಧಕ ಬಿಡಿಯಾಗುತ್ತದೆ. ಬಿಡಿಯಾದ ಥಯೋಲೇಟ್ ಪಲ್ಲೇಡಿಯಂ, ತಾಮ್ರ ಎರಡನ್ನೂ ಹಿಡಿದು ವೇಗವರ್ಧಕವನ್ನು ಕೊಲ್ಲುತ್ತದೆ. ಹಾಗಾಗಿ ಇಲ್ಲಿ ಬೇಕಾದ್ದು ಮೈತುಂಬ ಕೊಂಬೆಯಿರುವ, ಇಂಗಾಲದ ಮೇಲೆ ಎರಗಲಾರದ ಪ್ರತ್ಯಾಮ್ಲ: ಡೈಐಸೊಪ್ರೊಪೈಲ್‌ಈಥೈಲ್‌ಅಮೀನ್. ಅದೂ ದ್ರಾವಕವಾಗಿ ಅಲ್ಲ, ಲೆಕ್ಕ ಮಾಡಿ.

126 ಮಿಲಿಗ್ರಾಂ (1 ಮಿಲಿಮೋಲ್) ಡೈಎಥೈನಿಲ್‌ಬೆಂಜೀನ್, 640 ಮಿಲಿಗ್ರಾಂ (2.3 ಮಿಲಿಮೋಲ್) ಅಯೋಡೋ ಥಯೋಅಸಿಟೇಟ್, 35 ಮಿಲಿಗ್ರಾಂ ಪಲ್ಲೇಡಿಯಂ ಸಂಯುಕ್ತ, 10 ಮಿಲಿಗ್ರಾಂ ತಾಮ್ರದ ಅಯೋಡೈಡ್, 0.7 ಮಿಲಿಲೀಟರ್ ಪ್ರತ್ಯಾಮ್ಲ, 10 ಮಿಲಿಲೀಟರ್ ಒಣ ಟಿಎಚ್‌ಎಫ್. ಈ ಸಲ ಬರೀ ಗುಳ್ಳೆ ಹರಿಸಿ ಬಿಡುವುದಿಲ್ಲ. ದ್ರಾವಕ ಮತ್ತು ಪ್ರತ್ಯಾಮ್ಲವನ್ನು ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸುವ ಸುತ್ತು ಮೂರು ಸಲ ಆಗಬೇಕು. 50 ಡಿಗ್ರಿಯಲ್ಲಿ, ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ, ರಾತ್ರಿಯಿಡೀ. ಬಣ್ಣ ಹಳದಿ-ಕಂದು ನಡುವೆ ಉಳಿದರೆ ಕ್ಷೇಮ. ಗಾಢ ಕೆಂಪುಗಂದು ಆಗಿ ಜಿಗುಟು ಕೆಸರು ಕೂತರೆ ಗಂಧಕ ಲೋಹಕ್ಕೆ ಸಿಕ್ಕಿದೆ.

ಅಯೋಡೈಡ್ ಯಾಕೆ 2.3 ಸಮಾನ, ಅಂದರೆ ನಡುವಿನ ತುಂಡಿನ 2.3 ಪಟ್ಟು ಮೋಲ್? ಕಡಿಮೆ ಹಾಕಿದರೆ ಒಂದೇ ಕಡೆ ಕೂಡಿದ, ಇನ್ನೊಂದು ತುದಿಯಲ್ಲಿ ಅಸಿಟಿಲೀನ್ ಹಾಗೇ ಇರುವ ಅಣು ಉಳಿಯುತ್ತದೆ. ಅದು ನಮ್ಮ ಉತ್ಪನ್ನಕ್ಕೆ ತೀರ ಹತ್ತಿರ ಓಡುತ್ತದೆ, ಬೇರ್ಪಡಿಸುವುದು ಕಷ್ಟ. ಜಾಸ್ತಿ ಹಾಕಿದರೆ ಅಯೋಡೋ ಥಯೋಅಸಿಟೇಟೇ ಉಳಿಯುತ್ತದೆ, ಅದು ಕಾಲಂನಲ್ಲಿ ಮುಂದೆ ಹೋಗುವುದರಿಂದ ಬೇರೆ ಮಾಡುವುದು ಸುಲಭ. ಆದರೆ ಒಂದು ಮಾತು: ಈ ಉಳಿಕೆ ಇಡೀ ಕೆಲಸದಲ್ಲೇ ಅತ್ಯಂತ ಅಪಾಯದ ಕಲ್ಮಶ. ಚಿಕ್ಕದು, ಚೆನ್ನಾಗಿ ಕರಗುವಂಥದ್ದು, ಒಂದೇ ಗಂಧಕದ್ದು. ಚಿನ್ನದ ಮೇಲೆ ಮೊದಲು ಹೋಗಿ ಕೂರುತ್ತದೆ, ಆಚೆ ತುದಿಗೆ ಮಾತ್ರ ಸೇತುವೆ ಆಗುವುದಿಲ್ಲ. ಹಾಗಾಗಿ ಕಾಲಂ ಒಂದರಿಂದಲೇ ತೃಪ್ತಿಪಡದೆ ಮೇಲೊಂದು ಪುನರ್‌ಸ್ಫಟಿಕೀಕರಣ ಕಡ್ಡಾಯ ಎಂದು ಇಟ್ಟುಕೊಂಡಿದ್ದೇವೆ.

ಹೆಕ್ಸೇನ್-ಡೈಕ್ಲೋರೋಮಿಥೇನ್ 2:1ರಿಂದ ಶುರುಮಾಡಿ 1:1ಕ್ಕೆ ಏರಿಸಿದರೆ ಮೊದಲು ಅಯೋಡೈಡ್, ಆಮೇಲೆ ಉತ್ಪನ್ನ. 365 ನ್ಯಾನೊಮೀಟರ್ ದೀಪ ಹಿಡಿದರೆ ಒಪಿಇ-3 ಕಾಲಂ ಒಳಗೇ ನೀಲಿಯಾಗಿ ಹೊಳೆಯುತ್ತ ಇಳಿಯುವುದು ಕಾಣುತ್ತದೆ. ಆ ನೀಲಿಯನ್ನು ಪೂರ್ತಿ ನಂಬಬೇಡಿ: ಗ್ಲೇಸರ್ ಉಪೋತ್ಪನ್ನವೂ ನೀಲಿಯಾಗಿಯೇ ಹೊಳೆಯುತ್ತದೆ. ನೀಲಿ ಪಟ್ಟಿಯ ಹಿಂಬಾಲವನ್ನು ಆಸೆಪಡದೆ ಬಿಟ್ಟುಬಿಡುವುದು ಜಾಣತನ. ಕಾಲಂಗೆ ಟ್ರೈಈಥೈಲ್‌ಅಮೀನ್ ಸೇರಿಸುವ ಅಭ್ಯಾಸ, ಕೊನೆಯಲ್ಲಿ ಮೆಥನಾಲ್ ಓಡಿಸುವ ಅಭ್ಯಾಸ ಎರಡೂ ಇಲ್ಲಿ ನಿಷಿದ್ಧ. ಆಮೇಲೆ ಬಿಸಿ ಟಾಲ್ಯೂಯೀನಿನಲ್ಲಿ ಕರಗಿಸಿ, ಆರಿದ ಮೇಲೆ ಎಥನಾಲನ್ನು ಮೇಲ್ಪದರವಾಗಿ ನಿಧಾನ ಇಳಿಸಿ ಬಿಟ್ಟರೆ ತಿಳಿ ಹಳದಿ ಹರಳು ಬರುತ್ತದೆ. ಎಥನಾಲಿನಲ್ಲೇ ಕುದಿಸಬಾರದು, ಅಮೀನಿನ ಅಂಶ ಉಳಿದಿದ್ದರೆ ಬಿಸಿ ಆಲ್ಕೊಹಾಲ್ ಅಸಿಟೈಲನ್ನು ಎತ್ತಿಕೊಂಡುಹೋಗುತ್ತದೆ.

ಪರೀಕ್ಷೆಯಲ್ಲಿ ನೋಡಬೇಕಾದ್ದು: 2.44 ಪಿಪಿಎಂನಲ್ಲಿ ಮಿಥೈಲ್, ಆರು ಪ್ರೋಟಾನು, 7.4 ಮತ್ತು 7.55ರ ಹತ್ತಿರ ಎರಡು ಜೋಡಿಗೆರೆ, 7.5ರಲ್ಲಿ ನಡುವಿನ ಉಂಗುರದ ಒಂಟಿಗೆರೆ, ಒಟ್ಟು ಹನ್ನೆರಡು. 3.2ರ ಸುತ್ತ ಏನೂ ಇರಕೂಡದು. ಇದ್ದರೆ ಅರ್ಧ ಕೂಡಿದ ಅಣು. ಗ್ಲೇಸರ್ ಉಪೋತ್ಪನ್ನ, ಅಂದರೆ ಅಂಥ ಎರಡು ಅರ್ಧಗಳು ತಮ್ಮಲ್ಲೇ ಕೂಡಿದ ನಾಲ್ಕುಂಗುರದ ತಂತಿ, ಪ್ರೋಟಾನ್ ಎನ್‌ಎಂಆರ್‌ನಲ್ಲಿ ಸಿಕ್ಕಿಬೀಳುವುದಿಲ್ಲ, ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಕಾರ್ಬನ್ ಎನ್‌ಎಂಆರ್‌ನಲ್ಲಿ ಒಪಿಇ-3ರ ಅಸಿಟಿಲೀನ್ ಇಂಗಾಲ 90 ಪಿಪಿಎಂ ಆಚೀಚೆ ಇದ್ದರೆ, ಡೈಐನಿನದು 75ರಿಂದ 82ರ ನಡುವೆ ಬರುತ್ತದೆ. ಮಾಸ್ ಸ್ಪೆಕ್ಟ್ರಂನಲ್ಲಿ ಇನ್ನೂ ಸ್ಪಷ್ಟ: ನಮ್ಮದು 426, ಅದು 550. ಇದೂ ಎರಡು ಗಂಧಕದ ತಂತಿಯೇ ಆದ್ದರಿಂದ ಜಂಕ್ಷನ್ನಿನಲ್ಲಿ ಸೇತುವೆಯಾಗಿಯೇ ನಿಲ್ಲುತ್ತದೆ, ತನ್ನದೇ ವಾಹಕತೆ ತೋರಿಸುತ್ತದೆ. ಅದನ್ನು ನೋಡಿ ಒಪಿಇ-3ಕ್ಕೆ ಎರಡನೆಯ ವಾಹಕ ಸ್ಥಿತಿ ಇದೆ ಎಂದು ಬರೆದುಬಿಡುವುದು ತೀರ ಸುಲಭ.

ಪಲ್ಲೇಡಿಯಂ ಉಳಿಕೆಯನ್ನೂ ಮರೆಯುವಂತಿಲ್ಲ. ಅಸಿಟೈಲ್ ಇರುವತನಕ ಅದು ತಣ್ಣಗಿರುತ್ತದೆ, ಅಸಿಟೈಲ್ ತೆಗೆದ ಕೂಡಲೇ ಗಂಧಕವನ್ನು ಹಿಡಿದು ಕರಗದ ಕಂದು ಪುಡಿಯಾಗುತ್ತದೆ. ಥಯೋಲ್ ಕಟ್ಟಿದ ಸಿಲಿಕಾದಿಂದ ಲೋಹ ಹೀರಿಸುವುದು ಬೇರೆಡೆ ಒಳ್ಳೆಯ ಉಪಾಯ, ಇಲ್ಲಿ ಅಸಿಟೈಲ್ ಒಂದು ಗಂಧಕದಿಂದ ಇನ್ನೊಂದಕ್ಕೆ ಜಿಗಿಯುವ ಅವಕಾಶ ಇದೆ. ಆ ಸಿಲಿಕಾವನ್ನು ನಡುವಿನ ತುಂಡಿಗೆ ಬಳಸಿ. ಕೊನೆಯ ಉತ್ಪನ್ನಕ್ಕೆ ಸ್ಫಟಿಕೀಕರಣವೇ ಸರಿ.

ಇಷ್ಟೆಲ್ಲ ಓದಿದ ಮೇಲೆ ಥಯೋಅಸಿಟೇಟೇ ಬೇಕೇ ಎಂದು ಕೇಳಿದರೆ, ಬ್ರೇಕ್ ಜಂಕ್ಷನ್ ಒಂದಕ್ಕೇ ಆದರೆ ಬೇಡ ಎನ್ನುತ್ತೇವೆ. ಮಿಥೈಲ್ ಥಯೋಈಥರ್, ಪಿರಿಡೀನ್, ಅಮೀನ್ ಇವು ಮೂರೂ ಚಿನ್ನದ ಮೊನಚಾದ, ನೆರೆಯ ಪರಮಾಣು ಕಡಿಮೆ ಇರುವ ಜಾಗಗಳಿಗೆ ಹಗುರವಾಗಿ ಅಂಟುತ್ತವೆ. ರಕ್ಷಣೆ ಬೇಡ, ಗಾಳಿಗೆ ಹೆದರುವುದಿಲ್ಲ, ಸಾವಿರಾರು ಅಳತೆಗಳ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಶಿಖರವೂ ಥಯೋಲಿಗಿಂತ ಸಪುರ. 4-ಅಯೋಡೋಥಯೋಅನಿಸೋಲ್ ಹಾಕಿದರೆ ಮೊದಲ ಕಪ್ಲಿಂಗಿನ ಪಾಕವೇ ಕೊನೆಯವರೆಗೂ ನಡೆಯುತ್ತದೆ. ಮೇಲ್ಮೈ ತುಂಬ ಗಟ್ಟಿಯಾಗಿ ನಿಲ್ಲುವ ಏಕಾಣು ಪದರ ಬೇಕಾದಾಗ ಮಾತ್ರ ಥಯೋಲ್‌ಗೆ ಬದಲಿಲ್ಲ.

ಉದ್ದ ಸಂಶ್ಲೇಷಣೆಗಳಲ್ಲಿ ಇನ್ನೊಂದು ದಾರಿಯೂ ಇದೆ: ಗಂಧಕಕ್ಕೆ ಟರ್ಷರಿ ಬ್ಯೂಟೈಲ್ ಟೋಪಿ. ಅದು ಯಾವ ಪ್ರತ್ಯಾಮ್ಲಕ್ಕೂ ಜಗ್ಗುವುದಿಲ್ಲ. ಕೊನೆಯ ಹಂತದಲ್ಲಿ ಬೋರಾನ್ ಟ್ರೈಬ್ರೋಮೈಡ್ ಮತ್ತು ಹೆಚ್ಚುವರಿ ಅಸಿಟೈಲ್ ಕ್ಲೋರೈಡ್ ಒಟ್ಟಿಗೆ ಕೊಟ್ಟರೆ ಬ್ಯೂಟೈಲ್ ಹೋಗಿ ಅಸಿಟೈಲ್ ಬರುತ್ತದೆ. ಪಕ್ಕದ ಸರಪಳಿಗಳು ಆಲ್ಕಾಕ್ಸಿ ಆಗಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ, ಟ್ರೈಬ್ರೋಮೈಡ್ ಆ ಆಮ್ಲಜನಕದ ಬಂಧವನ್ನೂ ಕತ್ತರಿಸುತ್ತದೆ. ಟ್ರೈಬ್ರೋಮೈಡಿನಲ್ಲಿ ತೇವದಿಂದ ಹೈಡ್ರೋಜನ್ ಬ್ರೋಮೈಡ್ ಹುಟ್ಟಿದ್ದರೆ ಅದು ತ್ರಿಬಂಧಕ್ಕೂ ಸೇರಿಕೊಳ್ಳಬಹುದು. ಹೊಸ ಸೀಸೆ ಒಡೆದು ಬಳಸಿ.

ಚಿನ್ನದ ಕಡೆಗೆ ಬರೋಣ. ಮೈಕಾ ಮೇಲೆ ಆವಿಯಾಗಿಸಿ ಕೂರಿಸಿದ 150-200 ನ್ಯಾನೊಮೀಟರ್ ಚಿನ್ನ, ಬಳಸುವ ಮುನ್ನ ಜ್ವಾಲೆಯಲ್ಲಿ ಕಾಯಿಸಿದ್ದು. ಗಾಳಿಯಲ್ಲಿ ಬಿಟ್ಟ ಚಿನ್ನ ಹೈಡ್ರೋಕಾರ್ಬನ್ ಹೊದ್ದುಕೊಳ್ಳುತ್ತದೆ, ಹಾಗಾಗಿ ಕಾಯಿಸಿ ಆರಿದ ತಕ್ಷಣ ದ್ರಾವಣಕ್ಕೆ. 2.1 ಮಿಲಿಗ್ರಾಂ ಒಪಿಇ-3 ಅನ್ನು 9 ಮಿಲಿಲೀಟರ್ ಟಿಎಚ್‌ಎಫ್ ಮತ್ತು 1 ಮಿಲಿಲೀಟರ್ ಟ್ರೈಈಥೈಲ್‌ಅಮೀನ್‌ನಲ್ಲಿ ಕರಗಿಸಿದರೆ 0.5 ಮಿಲಿಮೋಲಾರ್. ಟಿಎಚ್‌ಎಫ್ ಹೊಸದಾಗಿ ಬಟ್ಟಿ ಇಳಿಸಿದ್ದಾಗಿರಬೇಕು. ಪೆರಾಕ್ಸೈಡ್ ಇದ್ದರೆ ಥಯೋಲ್ ಸಲ್ಫೊನೇಟ್ ಆಗುತ್ತದೆ. ಗ್ಲೋವ್ ಬಾಕ್ಸಿನಲ್ಲಿ ಒಂದೆರಡು ದಿನ ಮುಳುಗಿಸಿಟ್ಟು, ಟಿಎಚ್‌ಎಫ್‌ನಲ್ಲಿ ತೊಳೆದು ನೈಟ್ರೋಜನ್ ಊದಿ ಒಣಗಿಸುವುದು.

ಪ್ರತ್ಯಾಮ್ಲದ ಆಯ್ಕೆಯಲ್ಲಿ ಇಲ್ಲೂ ಮರ್ಮವಿದೆ. ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದರೆ ಎರಡು ತುದಿಯ ಅಸಿಟೈಲ್ ಒಟ್ಟಿಗೆ ಹೋಗುತ್ತದೆ. ಆಗ ಅಣು ಎರಡೂ ತುದಿಯಿಂದ ಚಿನ್ನ ಹಿಡಿದು ಅಡ್ಡ ಮಲಗಬಹುದು, ಇಲ್ಲವೇ ಮೇಲಿನ ಥಯೋಲುಗಳು ಡೈಸಲ್ಫೈಡಾಗಿ ಪದರದ ಮೇಲೆ ಪದರ ಬೆಳೆಯಬಹುದು. ಟ್ರೈಈಥೈಲ್‌ಅಮೀನ್ ನಿಧಾನ, ಚಿನ್ನದ ಸಹಾಯದಿಂದ ಒಂದು ತುದಿ ಬಿಚ್ಚಿಕೊಂಡು ಕೂರುತ್ತದೆ, ಇನ್ನೊಂದು ಮುಚ್ಚಿಯೇ ಇರುತ್ತದೆ, ಅಣುಗಳು ಒತ್ತಾಗಿ ನೆಟ್ಟಗೆ ನಿಲ್ಲುತ್ತವೆ. ಬೆಳಕಿನಿಂದ ಪದರ ಅಳೆಯುವ ಎಲಿಪ್ಸೊಮೆಟ್ರಿಯಲ್ಲಿ ದಪ್ಪ 2 ನ್ಯಾನೊಮೀಟರ್ ಆಸುಪಾಸು ಬಂದರೆ ಸರಿ, 1ಕ್ಕಿಂತ ಕಡಿಮೆ ಬಂದರೆ ಮಲಗಿದೆ, 4 ಬಂದರೆ ಪದರಗಳು ಬೆಳೆದಿವೆ. ಎಕ್ಸ್‌ರೇ ಬಿಟ್ಟು ಮೇಲ್ಮೈಯ ಪರಮಾಣುಗಳನ್ನು ಗುರುತಿಸುವ ಎಕ್ಸ್‌ಪಿಎಸ್‌ನಲ್ಲಿ ಗಂಧಕದ 162 ಇವಿ (ಎಲೆಕ್ಟ್ರಾನ್ ವೋಲ್ಟ್) ಗೆರೆ ಚಿನ್ನಕ್ಕೆ ಕಟ್ಟಿಕೊಂಡದ್ದು, 163.5ರಿಂದ 164ರ ನಡುವಿನದು ಮೇಲ್ತುದಿಯ, ಚಿನ್ನಕ್ಕೆ ಕಟ್ಟಿಕೊಳ್ಳದ್ದು, 168 ಉತ್ಕರ್ಷಣಗೊಂಡದ್ದು. ನೆಟ್ಟಗೆ ನಿಂತ ಪದರದಲ್ಲಿ ಮೊದಲೆರಡೂ ಇರಬೇಕು. 162 ಒಂದೇ ಇದ್ದರೆ ಸಂಭ್ರಮಪಡುವಂಥದ್ದಲ್ಲ, ಅಣು ಮಲಗಿದೆ.

ಈ ಪದರದ ಮೇಲೆ ನೇರವಾಗಿ ಲೋಹ ಆವಿಯಾಗಿಸಿ ಮೇಲಿನ ಎಲೆಕ್ಟ್ರೋಡ್ ಮಾಡಲು ಹೋದರೆ ಬಹುಪಾಲು ಸಾಧನಗಳು ಶಾರ್ಟ್ ಆಗುತ್ತವೆ. ಬಿಸಿ ಲೋಹದ ಪರಮಾಣುಗಳು ಪದರದ ಬಿರುಕುಗಳಲ್ಲಿ ನುಗ್ಗಿ ಸಣ್ಣ ಎಳೆಗಳಾಗುತ್ತವೆ. ಆ ಎಳೆಗಳು ಕಡಿದು ಕೂಡುವುದನ್ನು ಅಣುವಿನ ಸ್ವಿಚ್ ಗುಣ ಎಂದು ತಿಳಿದುಕೊಂಡ ಕಾಲವೂ ಇತ್ತು. ನಡುವೆ ವಾಹಕ ಪಾಲಿಮರ್ ಹಚ್ಚುವುದು, ಇಲ್ಲವೇ ಗ್ಯಾಲಿಯಂ-ಇಂಡಿಯಂ ದ್ರವ ಮಿಶ್ರಲೋಹದ ಮೊನೆಯನ್ನು ಮೆಲ್ಲಗೆ ತಾಗಿಸುವುದು ಈಗಿನ ರೂಢಿ.

ಒಂದೇ ಅಣುವಿನ ಅಳತೆಗೆ 0.1 ಮಿಲಿಮೋಲಾರ್ ದ್ರಾವಣ, 1,2,4-ಟ್ರೈಕ್ಲೋರೋಬೆಂಜೀನಿನಲ್ಲಿ. ಅದರ ಕುದಿಬಿಂದು 214 ಡಿಗ್ರಿ, ಗಂಟೆಗಟ್ಟಲೆ ಅಳೆದರೂ ಒಣಗುವುದಿಲ್ಲ. ಮೊದಲು ಬರೀ ದ್ರಾವಕದಲ್ಲಿ ಸಾವಿರ ಸಲ ಎಳೆದು ನೋಡಬೇಕು. 1, 2, 3 ಜಿ₀ಯಲ್ಲಿ (1 ಜಿ₀ ಅಂದರೆ ವಾಹಕತೆಯ ಕ್ವಾಂಟಮ್, 77.5 ಮೈಕ್ರೋಸೀಮೆನ್ಸ್) ಚಿನ್ನದ ಮೆಟ್ಟಿಲುಗಳು ಚೊಕ್ಕವಾಗಿ ಬಂದು, ಅದರ ಕೆಳಗೆ ಉಪಕರಣದ ಗದ್ದಲದವರೆಗೆ ಬೇರೇನೂ ಇರಬಾರದು. ದ್ರಾವಕದಲ್ಲೇ ಉಬ್ಬು ಕಂಡರೆ ಸೂಜಿ, ಕೋಶ, ದ್ರಾವಕ ಮೂರನ್ನೂ ಬದಲಿಸಿ. ಹಿಂದಿನ ಸಲದ ಥಯೋಲ್ ಟೆಫ್ಲಾನ್ ಕೋಶದ ಅಂಚಿನಲ್ಲಿ ಉಳಿದಿರುವುದೇ ಹೆಚ್ಚು. ಒಪಿಇ-3ರ ಶಿಖರ 10⁻⁴ ಜಿ₀ ಆಸುಪಾಸಿನಲ್ಲಿ ಬರುತ್ತದೆ. 100 ಮಿಲಿವೋಲ್ಟ್ ಕೊಟ್ಟರೆ ಹರಿಯುವುದು 0.8 ನ್ಯಾನೊಆಂಪಿಯರ್‌ನಷ್ಟು, ಹಾಗಾಗಿ ಆಂಪ್ಲಿಫೈಯರಿನ ಸೋರಿಕೆ ಅದಕ್ಕಿಂತ ಎಷ್ಟೋ ಕೆಳಗಿರಬೇಕು. ಕಡಿಮೆಯೆಂದರೆ ಕೆಲವು ಸಾವಿರ ಎಳೆತ, ಒಂದನ್ನೂ ಕೈಯಿಂದ ಆರಿಸದೆ, ಎಲ್ಲವನ್ನೂ ಹಿಸ್ಟೋಗ್ರಾಮಿಗೆ ಹಾಕಬೇಕು.

ಶಿಖರವೇ ಬಾರದೆ ಹಿನ್ನೆಲೆ ಮಾತ್ರ ಎತ್ತರವಾದರೆ ಒಂದೇ ಗಂಧಕದ ಕಲ್ಮಶ ಚಿನ್ನವನ್ನು ಮುಚ್ಚಿದೆ ಎಂದು ಮೊದಲು ಅನುಮಾನಿಸಿ. ಶಿಖರ ಬಂದು, ಗಂಟೆ ಕಳೆದಂತೆ ಕುಗ್ಗಿದರೆ ಡೈಸಲ್ಫೈಡ್ ಆಗುತ್ತಿದೆ, ಕೋಶಕ್ಕೆ ನೈಟ್ರೋಜನ್ ಹರಿವು ಸಾಲದು. ಶಿಖರದ ಪಕ್ಕದಲ್ಲಿ, ಹತ್ತು ಪಟ್ಟಿಗೂ ಕೆಳಗೆ ಸಣ್ಣ ಭುಜ ಕಂಡರೆ ಎರಡು ಸಾಧ್ಯತೆ: ಗ್ಲೇಸರ್ ತಂತಿ, ಅಥವಾ ಕೊಂಡ ಡೈಅಯೋಡೋಬೆಂಜೀನಿನಲ್ಲಿದ್ದ 1,3 ಐಸೊಮರಿನಿಂದ ಬಂದ ಮೆಟಾ ತಂತಿ. ಅಣುಸೂತ್ರ ಅದೇ, ತೂಕ ಅದೇ, ಮಾಸ್ ಸ್ಪೆಕ್ಟ್ರಂಗೆ ಗೊತ್ತಾಗದು. ಮೆಟಾ ಜೋಡಣೆಯಲ್ಲಿ ಎಲೆಕ್ಟ್ರಾನಿನ ಎರಡು ದಾರಿಗಳು ಒಂದನ್ನೊಂದು ಅಳಿಸುವುದರಿಂದ ವಾಹಕತೆ ಹತ್ತು ಪಟ್ಟಿಗೂ ಹೆಚ್ಚು ಬೀಳುತ್ತದೆ. ಡೈಅಯೋಡೋಬೆಂಜೀನನ್ನು ಎಥನಾಲಿನಲ್ಲಿ ಒಮ್ಮೆ ಪುನರ್‌ಸ್ಫಟಿಕೀಕರಿಸಿದರೆ ಇದು ಮೊದಲಿಗೇ ತಪ್ಪುತ್ತದೆ.

ಒಪಿಇ-3ರ ಆಚೆ ಹೋಗುವವರಿಗೆ ಕರಗುವಿಕೆಯೇ ಗಡಿ. ನಾಲ್ಕು, ಐದು ಉಂಗುರವಾದ ಮೇಲೆ ಬರೀ ಕಡ್ಡಿ ಯಾವ ದ್ರಾವಕದಲ್ಲೂ ಸರಿಯಾಗಿ ಕರಗದು, ಕಾಲಂನ ತಲೆಯಲ್ಲೇ ಹರಳುಗಟ್ಟುತ್ತದೆ. ನಡುವಿನ ಉಂಗುರಗಳಿಗೆ 2,5 ಸ್ಥಾನಗಳಲ್ಲಿ ಹೆಕ್ಸಿಲ್ ಸರಪಳಿ ಹಚ್ಚಿದರೆ ಕರಗುತ್ತದೆ, ಆದರೆ ಪದರದಲ್ಲಿ ಅಣುಗಳ ನಡುವೆ ಅಂತರ ಹೆಚ್ಚುತ್ತದೆ. ಒಂದೇ ಅಣುವಿನ ಅಳತೆಗೆ ಸರಪಳಿ ಇರಲಿ, ಪದರಕ್ಕೆ ಎಷ್ಟು ಬೋಳಾಗಿದ್ದರೆ ಅಷ್ಟು ಒಳ್ಳೆಯದು. ತಯಾರಾದ ಥಯೋಅಸಿಟೇಟ್ ಕಂದು ಸೀಸೆಯಲ್ಲಿ, ಆರ್ಗಾನ್ ತುಂಬಿ, ಮೈನಸ್ 20 ಡಿಗ್ರಿಯಲ್ಲಿ. ಪ್ರತಿ ಸಲ ಅಳತೆಗೆ ಕೊಡುವ ಮುನ್ನ ಅದೇ ಸೀಸೆಯಿಂದ ಹೊಸದಾಗಿ ಒಂದು ಪ್ರೋಟಾನ್ ಎನ್‌ಎಂಆರ್, ಒಂದು ಟಿಎಲ್‌ಸಿ.